ಹಿಂದಿ ಬಂತಂದ್ರ ಫೋನ್ ಕಟ್!

ಬುದ್ಧಿ ಹೇಳುವುದೂ ಒಂದು ಚಟವೇ. ತಂಬಾಕಿನ ಚಟವಾದರೆ ತಿಂದವನ ಹಲ್ಲಷ್ಟೇ ಹಾಳಾಗುತ್ತದೆ; ಇದು ಕೇಳಿದವರ ಮನೆಯನ್ನೇ ಮುಳುಗಿಸುತ್ತದೆ. ಆಳಂದದಲ್ಲಿ ಮಾಸ್ತರನಾದ ನನಗೆ ಈ ಚಟ ಮೊದಲೇ ಇತ್ತು, ಸರ್ಕಾರ ಕೈಗೊಂದು ಮೈಕು ಕೊಟ್ಟಿತು.

ಜನ ಫೋನಿನಲ್ಲಿ ಹೇಗೆ ಮೋಸಹೋಗುತ್ತಾರೆಂದು ಅಧ್ಯಯನ ಮಾಡಲು ಸರ್ಕಾರದ ತಂಡವೊಂದು ನಮ್ಮ ಕಡೆ ಬಂದಿತ್ತು. ಹಳ್ಳಿ ಹಳ್ಳಿ ತಿರುಗಿ, ಸಿಕ್ಕಲ್ಲೆಲ್ಲ ಚಹಾ ಕುಡಿದು, ಮೋಸದ ನೂರೆಂಟು ಬಗೆಗಳನ್ನು ನನಗೆ ವಿವರಿಸಿ, ಇವನ್ನು ಊರೂರಿಗೆ ಮುಟ್ಟಿಸಿರಿ ಎಂದಿತು. ಅಷ್ಟುದ್ದದ ಪುರಾಣ ಕೇಳುವವರು ಯಾರು? ಇಂಥ ಫೋನು ಹೆಚ್ಚಾಗಿ ಬರುವುದು ಹಿಂದಿಯಲ್ಲೇ ಎಂದು ನಾನು ಎಲ್ಲವನ್ನೂ ಗಾಣಕ್ಕೆ ಹಾಕಿ ಒಂದೇ ಸಾಲು ತೆಗೆದೆ: "ಹಿಂದಿ ಬಂತಂದ್ರ ಫೋನ್ ಕಟ್ ಮಾಡ್ರಿ!" ಜೇವರ್ಗಿಯಲ್ಲಿ ಚಪ್ಪಾಳೆ, ಅಫಜಲಪುರದಲ್ಲಿ ಶಾಲು. ಭೂಸನೂರಿನಲ್ಲಿ ನನ್ನ ಅಕ್ಕ ಶಾಂತವ್ವ ಮುಂದಿನ ಸಾಲಿನಲ್ಲೇ ಕುಳಿತು, "ನಮ್ಮ ತಮ್ಮ ಹೆಂಗ್ ಮಾತಾಡ್ತಾನ ನೋಡ್ರಿ" ಎಂದು ಹಿಗ್ಗಿದಳು. ಗೋಡೆ ಹಿಡಿದು ನಡೆಯುವ ಅಕ್ಕ, ಮೊಣಕಾಲಿನ ಆಪರೇಷನ್ನಿಗೆಂದು ಕಬ್ಬಿನ ಹಣವನ್ನು ಬ್ಯಾಂಕಿನಲ್ಲಿ ಇಟ್ಟಿದ್ದಳು.

ಮುಂದೆ ಕೆಲವೇ ದಿನಕ್ಕೆ ಅವಳಿಗೊಂದು ಫೋನ್ ಬಂತು. "ಶರಣ್ರಿ ಯವ್ವಾ, ಊಟ ಆತೇನ್ರಿ? ಬ್ಯಾಂಕಿನಿಂದ ಮಾತಾಡಾಕತ್ತೇನ್ರಿ." ನಮ್ಮಲ್ಲಿ ಶರಣು ಎಂದವರಿಗೆ ಶರಣಾರ್ಥಿ ಎನ್ನದಿರುವುದು ಬಾಗಿಲಿಗೆ ಬಂದವರಿಗೆ ನೀರು ಕೊಡದಿದ್ದಂತೆ. ಅಕ್ಕ ಶರಣಾರ್ಥಿ ಎಂದಳು, ಅವನ ಹೆಂಡತಿ ಮಕ್ಕಳನ್ನು ವಿಚಾರಿಸಿದಳು, ಆಮೇಲೆ ಅವನು ಕೇಳಿದ ಒಟಿಪಿ ನಂಬರನ್ನೂ ಹೇಳಿದಳು. ಹಣ ಹೊರಟಿದ್ದು ಕಂಡು ನಿಜವಾದ ಬ್ಯಾಂಕಿನವನು, ಇದು ನೀವೇ ತೆಗೆಯುತ್ತಿರುವುದೇ ಎಂದು ಕೇಳಲು ಗಾಬರಿಯಿಂದ ಫೋನ್ ಮಾಡಿದ. ಪಾಪ, ಉತ್ತರದ ಕಡೆಯವನು, ಅವನಿಗೆ ಬರುತ್ತಿದ್ದುದು ಹಿಂದಿಯೊಂದೇ. ಅಕ್ಕ ಕಟ್ ಮಾಡಿದಳು. ಅವನು ಮತ್ತೆ ಮಾಡಿದ, ಇವಳು ಮತ್ತೆ ಕಟ್ ಮಾಡಿದಳು.

ಸುದ್ದಿ ತಿಳಿದು ಓಡಿದೆ. "ನೀ ಹೇಳ್ದಂಗ ಮಾಡೀನಲ್ಲೋ ತಮ್ಮಾ, ಮತ್ಯಾಕ ಹೋತು?" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ದೂರು ಕೊಟ್ಟೆವು. ಹಣ ಬರಲಿಲ್ಲ, ಅಕ್ಕ ಇನ್ನೂ ಗೋಡೆ ಹಿಡಿದೇ ನಡೆಯುತ್ತಾಳೆ. ಬಂದದ್ದು ಆ ಸರ್ಕಾರದ ತಂಡ ಮಾತ್ರ. ಅಕ್ಕನನ್ನು ಮಾತಾಡಿಸಿ, ಅವಳದೇ ಮನೆಯ ಚಹಾ ಕುಡಿದು ಹೋಯಿತು.

ಈಗ ನನ್ನ ಸಾಲು ಬದಲಾಗಿದೆ: "ಯಾರೇ ಸವಿ ಮಾತಾಡಿದ್ರೂ ಫೋನ್ ಕಟ್ ಮಾಡ್ರಿ!" ಭೂಸನೂರಿನಲ್ಲೂ ಹೇಳಿದೆ. ಅಕ್ಕ ಈ ಸಲ ಹಿಂದಿನ ಸಾಲಿನಲ್ಲಿದ್ದಳು. ಮರುದಿನ ಮನಸ್ಸು ತಡೆಯದೆ ಫೋನ್ ಮಾಡಿ, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ, "ಶರಣು ಅಕ್ಕಾ, ಊಟ ಆತೇನು? ಮೊಣಕಾಲು ಹೆಂಗದಾವ?" ಎಂದೆ.

ಕಟ್ ಮಾಡಿದಳು. ನನ್ನ ಮೇಲಿನ ಸಿಟ್ಟಿಗೋ, ನನ್ನ ಭಾಷಣ ಕೇಳಿದ್ದಕ್ಕೋ ತಿಳಿಯಲಿಲ್ಲ. ಭಾಷಣ ಕೇಳಿದ್ದಕ್ಕೇ ಇರಲಿ ದೇವರೇ ಎಂದುಕೊಂಡು, ಮತ್ತೆ ಫೋನ್ ಮಾಡದೆ ಕುಳಿತಿದ್ದೇನೆ.