ಸಿ.ಡಿ.ಯೊಳಗಿನ ಕೊಲೆಗಾರ

ನಂಜನಗೂಡಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದ ಸಿದ್ದಮಲ್ಲಪ್ಪ ಮೇಷ್ಟ್ರು 2005ರ ಪರಿಸರ ದಿನದಂದು ವೇದಿಕೆಯ ಮೇಲೆಯೇ ಶಪಥ ಮಾಡಿಬಿಟ್ಟರು. ಒಂದೊಂದು ಪುಸ್ತಕವೂ ಒಂದು ಕೊಂಬೆಯ ಹೆಣ. ಇನ್ನು ತಮ್ಮ ಮನೆಯೊಳಕ್ಕೆ ಅಚ್ಚಾದ ಪುಸ್ತಕ ಬರಕೂಡದು, ಓದುವುದೇನಿದ್ದರೂ ಕಂಪ್ಯೂಟರಿನಲ್ಲೇ! ಚಪ್ಪಾಳೆ ಬಿತ್ತು. ಅದೇ ವಾರ ಮೈಸೂರಿನಿಂದ ಒಂದು ಪತ್ತೇದಾರಿ ಕಾದಂಬರಿಯ ಸಿ.ಡಿ. ತಂದರು.

ಹೆಂಡತಿ ಚನ್ನಾಜಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಬೆಲೆ ವಿಚಾರಿಸಿದರು. ಅಚ್ಚಿನ ಪುಸ್ತಕಕ್ಕಿಂತ ಹತ್ತು ರೂಪಾಯಿ ಕಡಿಮೆ ಎಂದು ಮೇಷ್ಟ್ರು ಬೀಗಿದರು.

"ಕಾಗದ ಇಲ್ಲ, ಹೊಲಿಗೆ ಇಲ್ಲ, ರಟ್ಟಿಲ್ಲ. ಮಿಕ್ಕ ದುಡ್ಡು ಯಾತಕ್ಕೆ ಇಸ್ಕೊಂಡ್ರು?"

ಮೇಷ್ಟ್ರಿಗೂ ಒಳಗೊಳಗೇ ಅದೇ ಅನುಮಾನ. ತೋರಗೊಡದೆ ಕಂಪ್ಯೂಟರ್ ಮುಂದೆ ಕೂತರು. ತೆರೆಯ ಮೇಲೆ ಕನ್ನಡದ ಬದಲು ಚಿಟ್ಟೆ, ಚೌಕ, ಪ್ರಶ್ನಾರ್ಥಕ ಚಿಹ್ನೆಗಳ ಮೆರವಣಿಗೆ. ಡಿಟಿಪಿ ಅಂಗಡಿಯ ಗಾನವಿ ಬಂದು ಫಾಂಟ್ ಹಾಕಿಕೊಟ್ಟಳು. ಕಾದಂಬರಿಯಲ್ಲಿ ಕೊಲೆಯಾಯಿತು, ಮನೆಯಲ್ಲಿ ಕರೆಂಟ್ ಹೋಯಿತು. ಮಾರನೆಯ ದಿನ ಅಡುಗೆಯವನ ಮೇಲೆ ಗುಮಾನಿ ಬೀಳುವಷ್ಟರಲ್ಲಿ ಮತ್ತೆ ಹೋಯಿತು. ಮೇಷ್ಟ್ರ ಕಣ್ಣು ಕೆಂಪಾಯಿತೇ ಹೊರತು ಕೊಲೆಗಾರ ಸಿಗಲಿಲ್ಲ.

ಕೊನೆಗೆ ತಡೆಯಲಾರದೆ ಗಾನವಿಯ ಅಂಗಡಿಗೇ ಹೋಗಿ, ಯಾರಿಗೂ ಹೇಳಬೇಡಮ್ಮ ಎಂದು ಕೇಳಿಕೊಂಡು, ಇಡೀ ಕಾದಂಬರಿಯನ್ನು ಹಾಳೆಯ ಒಂದೇ ಮಗ್ಗುಲಿಗೆ, ದಪ್ಪಕ್ಷರದಲ್ಲಿ ಪ್ರಿಂಟ್ ಹಾಕಿಸಿದರು. ಆ ಖರ್ಚಿನಲ್ಲಿ ಅಚ್ಚಿನ ಪುಸ್ತಕ ಮೂರು ಬರುತ್ತಿತ್ತು. ಹಾಳೆ ಬೇಡವೆಂದವರು ಹಾಳೆಯಿಂದಲೇ ಹಾಳಾದರು! ಕಟ್ಟನ್ನು ಅಟ್ಟದ ಮೇಲೆ ಬಚ್ಚಿಟ್ಟು, ಹೆಂಡತಿ ಆಚೆ ಹೋದಾಗ ಓದಿದರಾಯಿತು ಎಂದು ಕಾದರು.

ಚನ್ನಾಜಮ್ಮ ಆಚೆ ಹೋಗಲೇ ಇಲ್ಲ. ಮಧ್ಯಾಹ್ನವಾದರೆ ಕೋಣೆಯ ಬಾಗಿಲು ಮುಚ್ಚುತ್ತಿತ್ತು. ಒಲೆಯ ಮೇಲೆ ಹಾಲು ಉಕ್ಕಿ ಹರಿದರೂ ಒಳಗಿನಿಂದ ಸದ್ದಿಲ್ಲ. ಮೇಷ್ಟ್ರಿಗೆ ಖಾತ್ರಿಯಾಯಿತು: ತಮ್ಮ ಶಪಥಕ್ಕೆ ತಮ್ಮ ಮನೆಯಲ್ಲೇ ದ್ರೋಹ! ಸದ್ದಾಗದಂತೆ ಹೋಗಿ ಬಾಗಿಲು ತಳ್ಳಿದರು. ಚನ್ನಾಜಮ್ಮನ ಕೈಯಲ್ಲಿ ಪುಸ್ತಕ. ಅದೂ ಅದೇ ಕಾದಂಬರಿ, ಮೂಲೆ ಮಡಚಿ, ರಟ್ಟು ಸವೆದದ್ದು.

"ಎಷ್ಟು ಕೊಟ್ಟೆ ಇದಕ್ಕೆ?"

"ಒಂದು ಕಾಸೂ ಇಲ್ಲ ಕಣ್ರೀ. ಲೈಬ್ರರೀದು. ಊರವರೆಲ್ಲ ಓದಿ ಆದ್ಮೇಲೆ ನನ್ನ ಕೈಗೆ ಬಂತು. ನಾಳೆ ಇನ್ಯಾರೋ ತಕೊಂಡೋಗ್ತಾರೆ."

ಒಂದೇ ಕೊಂಬೆಯಲ್ಲಿ ಊರೆಲ್ಲ ಓದಿದ ಲೆಕ್ಕ ಸಸ್ಯಶಾಸ್ತ್ರದ ಮೇಷ್ಟ್ರಿಗೆ ತಕ್ಷಣ ಅರ್ಥವಾಯಿತು. ಆದರೂ ಸೋಲೊಪ್ಪದೆ ಪರಿಸರದ ಬಗ್ಗೆ ನಾಲ್ಕು ಮಾತು ಶುರುಮಾಡಿದರು. ಚನ್ನಾಜಮ್ಮ ಕೊನೆಯ ಪುಟ ಮುಗಿಸಿ ಪುಸ್ತಕ ಮುಚ್ಚಿದರು.

"ಅಟ್ಟ ಹತ್ತಿ ಸೊಂಟ ನೋಯಿಸ್ಕೋಬೇಡಿ. ಕೊಂದೋನು ಡಾಕ್ಟ್ರು."