ಎರಡೂಮುಕ್ಕಾಲು ತಾಸಿನ ದಾರಿ

ಬೆಟಗೇರಿಯಲ್ಲಿ ನನ್ನದೊಂದು ಟಿಕೆಟ್ ಬುಕಿಂಗ್ ಅಂಗಡಿ. ವಿಮಾನದ ಟಿಕೆಟ್ ತೆಗೆಯುವುದು ಹತ್ತು ನಿಮಿಷದ ಕೆಲಸ. ಎಷ್ಟು ದೂರ, ಎಷ್ಟು ತಾಸು ಎಂದು ತಿಳಿಸಿ ಹೇಳುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಗಿದೆ. ವಾರಕ್ಕೊಬ್ಬರಾದರೂ ಗಂಟು ಬೀಳುತ್ತಾರೆ. ಈ ಸಲ ಇಬ್ಬರು ಬಿದ್ದರು.

1. ನೂಲು

ಮುಂಡರಗಿಯ ನಿವೃತ್ತ ಗಣಿತದ ಮಾಸ್ತರರು, ಬೆಳ್ಳಟ್ಟಿಯಲ್ಲಿರುವ ಅವರ ತಂಗಿ. ತಂಗಿಯ ಮಗಳು ದಿಲ್ಲಿಯಲ್ಲಿ, ಅಳಿಯ ಮಿಲಿಟರಿಯಲ್ಲಿ. ಶುಕ್ರವಾರ ಸಂಜೆ ಬಸುರಿ ಮಗಳ ಕುಬಸ, ಅಂದರೆ ಸೀಮಂತ. ತವರಿನ ಸೀರೆ ಅಷ್ಟರೊಳಗೆ ಮುಟ್ಟಲೇಬೇಕು.

"ಹುಬ್ಬಳ್ಳಿಯಿಂದ ಸಾವಿರದೈನೂರು ಕಿಲೋಮೀಟರ್ ರೀ, ಎರಡೂಮುಕ್ಕಾಲು ತಾಸು" ಎಂದೆ.

ಮಾಸ್ತರರು ಚೀಲದಿಂದ ಭೂಪಟ ತೆಗೆದು, ಹುಬ್ಬಳ್ಳಿಯಿಂದ ದಿಲ್ಲಿಗೆ ನೂಲು ಹಿಡಿದು ಅಳೆದರು. "ದೂರ ಖರೆ ಐತಿ. ಆದ್ರ ತಾಸಿಗೆ ಎಂಟುನೂರು ಓಡಿದ್ರ ಎರಡು ತಾಸೂ ಬ್ಯಾಡ. ಉಳದ ಹೊತ್ತು ಎಲ್ಲಿ ನಿಂದರತೈತಿ?"

ಏರಲು ಹೊತ್ತು, ಇಳಿಯಲು ಹೊತ್ತು, ಸರದಿ ಕಾಯಲು ಹೊತ್ತು ಎಂದು ಅರ್ಧ ತಾಸು ಕೂತು ಬಿಡಿಸಿ ಹೇಳಿದೆ.

"ನಮ್ಮ ಮುಂಡರಗಿ ಬಸ್ಸೂ ದಾರ್ಯಾಗ ಡೋಣಿ ಊರಾಗ ಹಂಗ ನಿಲ್ಲತೈತಿ" ಎಂದರು. "ಅಲ್ಲಿ ಚಾ ಆದ್ರೂ ಸಿಗತೈತಿ."

2. ದಿಕ್ಕು

ನೇರ ವಿಮಾನ ತುಂಬಿತ್ತು. ಬೆಂಗಳೂರಿಗೆ ಹೋಗಿ ಅಲ್ಲಿಂದ ದಿಲ್ಲಿಗೆ ಹೋಗಬಹುದು ಎಂದೆ. ತಂಗಿ ಒಪ್ಪಲಿಲ್ಲ.

"ದಿಲ್ಲಿ ಬಡಗಣಕ್ಕ, ಬೆಂಗಳೂರು ತೆಂಕಣಕ್ಕ. ಬೆಳ್ಳಟ್ಟಿಯಿಂದ ಶಿರಹಟ್ಟಿಗೆ ಹೋಗಾಕ ಯಾರರ ಮುಂಡರಗಿ ಸುತ್ತತಾರೇನ್ರಿ?"

"ಸೀಟ ಇಲ್ಲಬೇ ಯಕ್ಕಾ."

"ಇಲ್ಲಂದ್ರ ಬಿಡ್ರಿ. ಎರಡೂಮುಕ್ಕಾಲು ತಾಸು ನಿಂತ ಹೋಗ್ತೀನಿ."

ಮೂರು ದಿನ ಕಣ್ಣು ನೆಟ್ಟು ಕುಳಿತೆ. ಯಾರೋ ರದ್ದು ಮಾಡಿದ ಎರಡು ಸೀಟು ಸಿಕ್ಕವು. ಖಬರು ಕೊಟ್ಟರೆ ಆಕೆ ಕೇಳಿದ್ದು, "ಹಂಗಾರ ಆ ಸೀಟ ಬಿಟ್ಟವರು ನಿಂತ ಬರ್ತಾರೇನ್ರಿ ಪಾಪ?"

3. ಪ್ರಸ್ಥಾನ

ವಿಮಾನ ಶುಕ್ರವಾರ ಹನ್ನೊಂದಕ್ಕೆ, ಸರಿಯಾಗಿ ರಾಹುಕಾಲದಲ್ಲಿ. ಇದಕ್ಕೆ ನಮ್ಮಲ್ಲಿ ಉಪಾಯವುಂಟು. ಹಿಂದಿನ ದಿನವೇ ಒಳ್ಳೆಯ ಗಳಿಗೆ ನೋಡಿ ಒಂದು ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟರೆ ಪ್ರಯಾಣ ಆಗಲೇ ಹೊರಟಂತೆ. ಮರುದಿನ ಹೋಗುವಾಗ ಅದನ್ನು ಎತ್ತಿಕೊಂಡರಾಯಿತು. ಅದಕ್ಕೆ ಪ್ರಸ್ಥಾನ ಎನ್ನುತ್ತಾರೆ. ಗುರುವಾರ ಅಣ್ಣ-ತಂಗಿ ಬಂದು ಸೀರೆಯ ಚೀಲವನ್ನು ನನ್ನ ಅಂಗಡಿಯಲ್ಲಿ ಇಟ್ಟರು.

ಹೋಗುವಾಗ ಮಾಸ್ತರರು, ಮರುದಿನ ತಂಗಿಯ ಮನೆಯಿಂದ ಹುಬ್ಬಳ್ಳಿಗೆ ಕಾರಿನಲ್ಲಿ ಹೋಗುವ ದಾರಿ ಕೇಳಿದರು. "ಬೆಳ್ಳಟ್ಟಿಯಿಂದ ಲಕ್ಷ್ಮೇಶ್ವರದ ಮ್ಯಾಲೆ ಹೋಗ್ರಿ, ಹತ್ತರ ಆಕೈತಿ" ಎಂದೆ. ನೂಲು ಇಟ್ಟು ನೋಡಿ ಒಪ್ಪಿದರು. ಬೆಟಗೇರಿ ಆ ದಾರಿಯಲ್ಲಿ ಬರುವುದಿಲ್ಲ ಎಂಬುದು ಮೂವರಿಗೂ ಹೊಳೆಯಲಿಲ್ಲ.

ಶುಕ್ರವಾರ ಎಂಟೂವರೆಗೆ ವಿಮಾನ ನಿಲ್ದಾಣದಿಂದ ಫೋನ್. "ಸೀರಿ ಅಲ್ಲೇ ಉಳೀತ್ರಿ" ಎಂದು ತಂಗಿ ಅಳುತ್ತಿದ್ದಳು. ನನಗೆ ಸಂಕಟವಾಯಿತು. ದಾರಿ ಹೇಳಿದವನು ನಾನೇ. ಅಂಗಡಿಗೆ ಕೀಲಿ ಹಾಕಿ ಅರವತ್ತು ಕಿಲೋಮೀಟರ್ ಬೈಕ್ ಓಡಿಸಿದೆ. ಇಬ್ಬರೂ ಬಾಗಿಲಲ್ಲೇ ನಿಂತಿದ್ದರು. ತಂಗಿ ಚೀಲವನ್ನು ಎದೆಗೆ ಒತ್ತಿಕೊಂಡು, "ನಿನ್ನ ಹೊಟ್ಟಿ ತಣ್ಣಗಿರಲೆಪಾ" ಎಂದಳು. ಮಾಸ್ತರರು ಗಡಿಯಾರ ನೋಡಿ, "ಒಂದು ತಾಸು ಹತ್ತು ನಿಮಿಷ. ಎಲ್ಲೂ ನಿಂತಿಲ್ಲ" ಎಂದು ಮೆಚ್ಚಿದರು.

ಸಂಜೆ ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಂಡು ಮಲಗಿದ್ದೆ. ದಿಲ್ಲಿಯಿಂದ ಫೋನ್ ಬಂತು.

"ಕುಬಸ ಛಲೋ ಆತಪಾ, ಮಗಳು ಸೀರಿ ಉಟ್ಟಾಳ" ಎಂದಳು ತಂಗಿ. ದಣಿವೆಲ್ಲ ಇಳಿದಂತಾಯಿತು.

"ವಾಪಸ್ ಬರೋ ವಿಮಾನನೂ ರಾಹುಕಾಲದಾಗ ಐತೆಂತ ಅಣ್ಣ ಹೇಳಿದ. ಚೀಲ ಇಡಬೇಕಲ್ಲ, ದಿಲ್ಲ್ಯಾಗ ನಿನ್ನ ಅಂಗಡಿ ಎಲ್ಲೈತಿ?"