ಎದೆಹಾಲಿನ ಮಾತಿಗೆ ಎದೆ ಝಲ್ಲೆನಿಸುವ ಉತ್ತರಗಳು

ನಾನು ಬಾಯಿ ಬಿಟ್ಟರೆ ಸಾಕು, ಎಲ್ಲಾದರೂ ಒಂದು ಅನಾಹುತ ಆಗಿಯೇ ಆಗುತ್ತದೆ. ಹೊಸಪೇಟೆ, ಸಂಡೂರು, ಕಂಪ್ಲಿ ಅಂತ ವರ್ಗವಾದಲ್ಲೆಲ್ಲ ಬಾಣಂತಿಯರ ಮನೆ ಸುತ್ತುವ ಸರ್ಕಾರಿ ನರ್ಸ್ ನಾನು. ಹೇಳುವುದು ಒಂದೇ ಮಾತು: ಆರು ತಿಂಗಳು ಕೂಸಿಗೆ ತಾಯಿಯ ಹಾಲು, ಅಷ್ಟೇ. ಈ ಒಂದು ಮಾತು ಜನರ ಕಿವಿಯೊಳಗೆ ಹೋಗಿ ಏನೇನಾಗುತ್ತದೆ ಎಂದು ನನಗೆ ಯಾವ ಟ್ರೈನಿಂಗಿನಲ್ಲೂ ಹೇಳಿಕೊಡಲಿಲ್ಲ.

ಬೆಲ್ಲ ಎಷ್ಟು?

ಚೋರನೂರಿನ ಒಂದು ಮನೆ. ಸೊಸೆಯ ಮೊದಲ ಹಾಲು ಹಳದಿಯಾಗಿದೆ ಎಂದು ಅತ್ತೆ ಅದನ್ನು ಹಿಂಡಿಸಿ ಬಟ್ಟೆಗೆ ಒರೆಸುತ್ತಿದ್ದಳು. ನಾನು ಆ ಬಟ್ಟೆ ಕಿತ್ತುಕೊಂಡೆ.

"ಬಂಗಾರದಂಥ ಹಾಲು! ಏನ್ ಮಾಡಾಕತ್ತೀರಿ ಯಮ್ಮಾ?"

"ಕೆಟ್ಟ ಹಾಲ್ರಿ ಸಿಸ್ಟರಮ್ಮ."

"ಆಕಳು ಈದಾಗ ಗಿಣ್ಣದ ಹಾಲು ಚೆಲ್ಲತೀರೇನು?"

"ಅಯ್ಯ, ಯಾಕ ಚೆಲ್ಲೂಣ್ರಿ? ಓಣಿಗೆಲ್ಲಾ ಹಂಚತೀವಿ."

"ಇದೂ ಗಿಣ್ಣಾನ. ಕೂಸಿಗೆ ಭಾಳ ಶಕ್ತಿ."

ಮುದುಕಿಯ ಮುಖ ಅರಳಿತು. ಗೆದ್ದೆ ಎಂದುಕೊಂಡು ಕೈ ತೊಳೆಯಲು ಹೋದೆ. ಬಂದು ನೋಡಿದರೆ ಬಟ್ಟಲು ಹಿಡಿದು ಒಲೆಯ ಮುಂದೆ ನಿಂತಿದ್ದಾಳೆ.

"ಸಿಸ್ಟರಮ್ಮ, ಇಷ್ಟಕ್ಕ ಬೆಲ್ಲ ಎಷ್ಟು ಹಾಕ್ಲಿ?"

ಒಂದು ಹನಿ ನೀರು

ಮೆಟ್ರಿಯಲ್ಲಿ ಒಬ್ಬ ಅಜ್ಜಿ ಎಳೆಗೂಸಿನ ಬಾಯಿಗೆ ಚಮಚದಲ್ಲಿ ನೀರು ಬಿಡುತ್ತಿದ್ದಳು. ಹಾರಿ ಹೋಗಿ ಕೈ ಹಿಡಿದೆ. "ಆರು ತಿಂಗಳು ಈ ಕೂಸಿಗೆ ಒಂದು ಹನಿ ನೀರು ಹಾಕಿದ್ರ ನೋಡ್ರಿ ಮತ್ತ!" ಎಂದು ಗದರಿಸಿ ಬಂದೆ.

ಮುಂದಿನ ಸಲ ಹೋದಾಗ ಕೂಸು ಗುಂಡುಗುಂಡಗೆ ಆಗಿತ್ತು. ಖುಷಿಯಿಂದ ಎತ್ತಿಕೊಂಡವಳು ಗಕ್ಕನೆ ಕೆಳಗಿಳಿಸಿದೆ. ಅಬ್ಬಾ, ಆ ವಾಸನೆ!

"ಏನ್ರಿ ಅಜ್ಜಿ ಇದು? ಕೂಸಿಗೆ ಎರೆದು ಎಷ್ಟು ದಿನ ಆತು?"

ಅಜ್ಜಿ ನನ್ನ ಮೇಲೇ ಹರಿಹಾಯ್ದಳು. "ನೀರು ಹಾಕಬ್ಯಾಡ ಅಂದೋರು ಯಾರು? ಓಣಿ ಮಂದಿ ಮೂಗು ಮುಚ್ಕೊಂಡು ಅಡ್ಡಾಡಾಕತ್ತಾರ. ನಿಮ್ಮ ಆರು ತಿಂಗಳು ಜಲ್ದಿ ಮುಗಸ್ರಿ!"

ಆಟೋ ಹೇಳಿದ್ದು

ಚಿತ್ತವಾಡ್ಗಿಯದನ್ನು ನೆನೆದರೆ ಈಗಲೂ ಮೈ ಬೆವರುತ್ತದೆ. ನಮ್ಮವರು ಆಟೋಗೆ ಮೈಕು ಕಟ್ಟಿ ಪ್ರಚಾರಕ್ಕೆ ಬಿಟ್ಟಿದ್ದರು. ಮಾತು ಸರಿಯಾಗಿಯೇ ಇತ್ತು: "ಆರು ತಿಂಗಳು ಕೂಸಿಗೆ ಎದೆಹಾಲು ಬಿಟ್ಟು ಬೇರೇನೂ ಕೊಡಬೇಡಿ." ಆದರೆ ಡ್ರೈವರಿಗೆ ಅವಸರ.

ಎರಡು ದಿನ ಬಿಟ್ಟು ಆ ಕಡೆ ಹೋದೆ. ಒಂದು ಮನೆಯಲ್ಲಿ ಹಸಿಗೂಸಿನ ಬಾಯಲ್ಲಿ ಬಾಟಲಿ. ಕುಡಿದದ್ದನ್ನೆಲ್ಲ ಕಕ್ಕಿ ಕಕ್ಕಿ ಅದರ ದನಿಯೇ ಬತ್ತಿಹೋಗಿದೆ. ಬಾಣಂತಿ ಎದೆ ಬಿಗಿದು, ರವಿಕೆ ತೊಯ್ದು, ಗೋಡೆ ಕಡೆ ಮುಖ ಮಾಡಿ ಅಳುತ್ತಿದ್ದಾಳೆ. ನಾನು ಬಾಟಲಿ ತೆಗೆದು ಪಕ್ಕಕ್ಕಿಟ್ಟೆ.

"ಯಾರು ಬಾಟ್ಲಿ ಕೊಡು ಅಂದೋರು?"

"ಗವರ್ಮೆಂಟು!" ಅಂದಳು ಅತ್ತೆ. "ಆಟೋದಾಗ ಕೂಗ್ಕೊಂತ ಹೋತಲ್ರಿ, ಆರು ತಿಂಗಳು ಕೂಸಿಗೆ ಎದೆಹಾಲು ಬಿಟ್ಟು ಅಂತ. ಬಿಟ್ವಿ."

"ಮುಂದಿನ ಮಾತು?"

"ಅಷ್ಟರಾಗ ಆಟೋ ಮೂಲಿ ತಿರುಗಿತ್ರಿ. ಮುಂದಿಂದು ಹಿಂದಿನ ಓಣ್ಯಾಗ ಕೇಳ್ರಿ."

ಸೊಸೆಯ ಹಾಲೇ ಕೊಡಿ, ಕೂಸು ಸೊರಗುತ್ತದೆ ಎಂದು ಕೈ ಮುಗಿದೆ. ಆಕೆ ಜಗ್ಗಲಿಲ್ಲ. ನನ್ನ ಮಾತು ಬೇಡವಂತೆ, ಮೈಕಿನ ಮಾತೇ ಬೇಕಂತೆ. ಸರಿ, ಡ್ರೈವರಿಗೆ ಫೋನ್ ಮಾಡಿ ಆಟೋ ತರಿಸಿದೆ. ಅವರ ಬಾಗಿಲಿಗೇ ನಿಲ್ಲಿಸಿ, ಮೈಕು ಕಸಿದುಕೊಂಡು ಗಂಟಲು ಹರಿಯುವಂತೆ ಕೂಗಿದೆ: "ಎದೆಹಾಲು ಕೊಡ್ರಿ! ಎದೆಹಾಲು ಮಾತ್ರ ಕೊಡ್ರಿ!" ಓಣಿಗೆ ಓಣಿಯೇ ಹೊರಗೆ ಬಂತು.

ಅತ್ತೆ ಹೊಸ್ತಿಲಲ್ಲಿ ನಿಂತು ಎಲ್ಲ ಕೇಳಿದಳು. ಆಮೇಲೆ ನಿಧಾನವಾಗಿ ಅಂದಳು: "ಮೊನ್ನೆ ಬಿಡು ಅಂತು, ಇವತ್ತು ಕೊಡು ಅಂತೈತಿ. ನಾಳಿ ಬಂದು ಏನಂತೈತೋ ನೋಡಿ ಕೊಟ್ರಾತು."

ಗೋಡೆ ಕಡೆ ಮುಖ ಮಾಡಿದ್ದ ಸೊಸೆ ತಿರುಗಿ ಕೂಸನ್ನು ಬಾಚಿ ಎತ್ತಿ ಎದೆಗೆ ಹಚ್ಚಿಕೊಂಡಳು. ಅದು ಗಟಗಟ ಕುಡಿಯತೊಡಗಿತು. ಸೊಸೆ ತಲೆಯೆತ್ತಿ ಅಂದಳು:

"ಅತ್ತಿ, ನೀವು ಕೇಳ್ಕೊಂತ ನಿಂದರ್ರಿ. ಆಟೋ ಮೂಲಿ ತಿರುಗೋದ್ರಾಗ ನಾ ಇವನ ಹೊಟ್ಟಿ ತುಂಬಸ್ತೀನಿ!"